ತಾತನ ಪುಸ್ತಕ, ನುಡಿ ಫೈಲು ಮತ್ತು ಅರವತ್ತು ಸಾಲಿನ ಸ್ಕ್ರಿಪ್ಟು

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ ಒಂದು ಸಿಡಿ ಕೈಗೆ ಕೊಟ್ಟಳು. "ನಿಮ್ಮ ತಾತನ ಪುಸ್ತಕ ಇದರಾಗ ಐತಂತ. ಮೊಬೈಲಿನ್ಯಾಗ ಓದಂಗ ಮಾಡಿಕೊಡು, ಇಂಜಿನಿಯರಿಂಗ್ ಓದಾಕತ್ತೀಯಲ್ಲ" ಅಂದಳು. ಎರಡು ತಾಸಿನ ಕೆಲಸ ಅಂದುಕೊಂಡೆ. ಆರು ವಾರ ಹಿಡಿಯಿತು. ಆ ಆರು ವಾರದಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯ್ತು, ಅದನ್ನು ಹೇಳೋಕೆ ಈ ಬರಹ.

ನಮ್ಮೂರು ಪಾಪಿನಾಯಕನಹಳ್ಳಿ. ಹೊಸಪೇಟೆಯಿಂದ ಬಳ್ಳಾರಿ ಕಡೆ ರೈಲಿನಲ್ಲಿ ಹೋದವರು ಸ್ಟೇಷನ್ ಬೋರ್ಡು ನೋಡಿರುತ್ತೀರಿ. ರಸ್ತೆಯಲ್ಲಿ ಹೋದವರು ಅದಿರು ಲಾರಿಗಳ ಕೆಂಪು ಧೂಳು ನೋಡಿರುತ್ತೀರಿ. ತಾತ ಪ್ರೈಮರಿ ಶಾಲೆ ಮೇಷ್ಟ್ರು. ರಿಟೈರ್ ಆದಮೇಲೆ ಊರಿನ ಬಾವಿಗಳು, ಗುಡಿಗಳು, ಕೋಲಾಟದ ಪದಗಳು, ಹೊಲದ ಹೆಸರುಗಳು, ಡ್ಯಾಮ್ ಕಟ್ಟುವಾಗ ಕೂಲಿಗೆ ಹೋದವರ ಮಾತು, ಎಲ್ಲ ಸೇರಿಸಿ 84 ಪುಟದ ಪುಸ್ತಕ ಬರೆದರು. 2006ರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿ ಹಂಚಿದರು. ಈಗ ಮನೆಯಲ್ಲಿ ಉಳಿದಿರೋದು ಗೆದ್ದಲು ತಿಂದ ಒಂದು ಪ್ರತಿ ಮತ್ತು ಆ ಸಿಡಿ. ತಾತ ಇಲ್ಲ.

ಸಿಡಿಯಲ್ಲಿದ್ದದ್ದು ನುಡಿ ಫಾಂಟಿನ ವರ್ಡ್ ಫೈಲು. ತೆರೆದರೆ ಪರದೆ ತುಂಬ ಯುರೋಪಿನ ಅಕ್ಷರಗಳು. ಜೂನಿಯರ್ಸ್‌ಗೆ ಇದು ಹೊಸದಿರಬಹುದು, ಸ್ವಲ್ಪ ವಿವರಿಸ್ತೀನಿ. ಯುನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನ ಇಟ್ಟಿದೆ. ಆದರೆ ಅಚ್ಚಿನವರು ಬಳಸುತ್ತಿದ್ದ ಪೇಜ್‌ಮೇಕರಿನಂಥ ತಂತ್ರಾಂಶಕ್ಕೆ ಯುನಿಕೋಡ್ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಒಂದು ಉಪಾಯ ಮಾಡಿದ್ದವು: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳ ಚಿತ್ರ ಕೂರಿಸೋದು. ನುಡಿ ಫೈಲಿನಲ್ಲಿ 'ಕನ್ನಡ' ಅಂತ ಕಾಣೋದು ಒಳಗೆ ಏನು ಗೊತ್ತಾ? ದೊಡ್ಡಕ್ಷರದ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ದುಡ್ಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಟು-ಗೋಟು. ಆ ಕಾಲಕ್ಕೆ ಅದು ದೊಡ್ಡ ಉಪಕಾರ; ಅದಿಲ್ಲದಿದ್ದರೆ ತಾತನ ಪುಸ್ತಕ ಅಚ್ಚೇ ಆಗುತ್ತಿರಲಿಲ್ಲ. ಬೈಯೋಕೆ ಇದನ್ನು ಹೇಳ್ತಿಲ್ಲ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಪೂರ್ತಿ ಪಠ್ಯ ಕಾಪಿ ಮಾಡಿ ಪರಿವರ್ತಕದ ಪೆಟ್ಟಿಗೆಗೆ ಹಾಕಿ ಗುಂಡಿ ಒತ್ತಿದೆ. ಕನ್ನಡ ಬಂತು. ಖುಷಿ ಎರಡು ನಿಮಿಷ. ತಲೆಬರಹಗಳು ಮಾಯ, ಕೋಷ್ಟಕ ಚೆಲ್ಲಾಪಿಲ್ಲಿ, ಅಡಿಟಿಪ್ಪಣಿಯ ಅಂಕಿ ಇದೆ ಟಿಪ್ಪಣಿ ಇಲ್ಲ. ಅದಕ್ಕಿಂತ ಮಜಾ ಇನ್ನೊಂದಿತ್ತು. ತಾತ ಅಲ್ಲಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ಡ್ಯಾಮ್' ಅಂತ ಬರೆದಿದ್ದರು. ಅದು 'ಆಂಒ' ಆಗಿತ್ತು. ಯಾಕಂದರೆ ನುಡಿಯ ನಕ್ಷೆಯಲ್ಲಿ ದೊಡ್ಡ ಡಿ ಅಂದರೆ ಆ, ಎ ಅಂದರೆ ಸೊನ್ನೆ, ಎಂ ಅಂದರೆ ಒ. ಪರಿವರ್ತಕದ್ದು ತಪ್ಪಿಲ್ಲ. ಬರೀ ಪಠ್ಯ ಕೊಟ್ಟಾಗ ಯಾವ 'ಡಿ' ಇಂಗ್ಲಿಷಿನದು, ಯಾವುದು ಕನ್ನಡದ್ದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದದ್ದು ಫಾಂಟಿನ ಹೆಸರಿಗೆ ಮಾತ್ರ, ಅದನ್ನು ನಾನೇ ಕಾಪಿ ಮಾಡುವಾಗ ಬಿಸಾಕಿದ್ದೆ.

ಎರಡನೇ ಸಲ ರೂಮ್‌ಮೇಟ್ ಮಾತು ಕೇಳಿ, ಆ ಗಲೀಜು ಪಠ್ಯವನ್ನು ಒಂದು ಎಐ ಚಾಟ್‌ಗೆ ಕೊಟ್ಟು "ಸರಿ ಮಾಡು" ಅಂದೆ. ಸೊಗಸಾಗಿ ಸರಿ ಮಾಡಿತು. ತಲೆಬರಹ ಬಂತು, ಪ್ಯಾರಾ ಬಂತು, 'ಆಂಒ' ಹೋಯ್ತು. ಮೊದಲ ಅಧ್ಯಾಯ ಅಮ್ಮನ ಮೊಬೈಲಿಗೆ ಕಳಿಸಿದೆ. ಸಂಜೆ ಫೋನ್ ಬಂತು. "ಇದು ಯಾರ್ ಬರ್ದಿದ್ದು? ನಮ್ಮಪ್ಪ ಹಿಂಗ ಬರಿಯಂಗಿಲ್ಲ."

ಅಚ್ಚಿನ ಪ್ರತಿ ಜೊತೆ ಇಟ್ಟು ನೋಡಿದೆ. ತಾತ 'ಹೊಸಪೇಟಿ' ಅಂತ ಬರೆದಲ್ಲಿ 'ಹೊಸಪೇಟೆ' ಆಗಿತ್ತು. 'ಕೆರಿ' ಕೆರೆ ಆಗಿತ್ತು, 'ಮನಿ' ಮನೆ ಆಗಿತ್ತು. ಕೋಲಾಟದ ಪದದಲ್ಲಿ 'ಬಂದಾಳ' ಅನ್ನೋದು 'ಬಂದಳು' ಆಗಿ ಹಾಡಿನ ಗತ್ತೇ ಮುರಿದಿತ್ತು. ಒಂದು ಹೊಲದ ಹೆಸರು ಪೂರ್ತಿ ಬೇರೆ ಪದವೇ ಆಗಿತ್ತು. ಎಲ್ಲಿ ಬದಲಾಯಿಸಿದೆ ಅಂತ ಎಲ್ಲೂ ಗುರುತಿಲ್ಲ. ಮೂಲ ಎದುರಿಗೆ ಇಲ್ಲದವರಿಗೆ ಇದು ಗೊತ್ತೇ ಆಗೋದಿಲ್ಲ. ಅಮ್ಮನಿಗೆ ಗೊತ್ತಾಯ್ತು, ಯಾಕಂದರೆ ಅದು ಅವಳಪ್ಪನ ದನಿ.

ನನ್ನ ಅಭಿಪ್ರಾಯ ಇಷ್ಟೇ. ಒಂದು ದಾಖಲೆಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಒಯ್ಯುವಾಗ ಅದನ್ನು ಬರೀ ಅಕ್ಷರಗಳ ರಾಶಿ ಅಂತ ನೋಡಬಾರದು, 'ಸುಧಾರಿಸೋಕೆ' ಹೋಗಲೂಬಾರದು. ದಾಖಲೆಯ ಒಂದೊಂದು ಅಂಗವನ್ನು ಗುರುತಿಸಿ, ಅದಕ್ಕೆ ಏನಾಗಬೇಕು ಅಂತ ಬರೆದಿಟ್ಟ ನಿಯಮದ ಪ್ರಕಾರ ಬದಲಾಯಿಸಬೇಕು. ಆ ನಿಯಮಗಳೇ ಸ್ಕ್ರಿಪ್ಟು. ಈ ಕೆಲಸ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳದ್ದು, ಬೇರೆ ಯಾರೋ ಮಾಡ್ತಾರೆ ಅಂತ ಕಾಯೋದಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇಂಡಸ್ಟ್ರಿಯಲ್ ವಿಸಿಟ್ ಹೋದವರು ನೆನಪು ಮಾಡಿಕೊಳ್ಳಿ. ಲಾರಿಯಲ್ಲಿ ಬಂದ ಅದಿರನ್ನು ನೇರ ಕುಲುಮೆಗೆ ಸುರಿಯೋದಿಲ್ಲ. ಮೊದಲು ಜರಡಿ. ಗಟ್ಟಿ ಬೇರೆ, ಪುಡಿ ಬೇರೆ. ಪುಡಿಯನ್ನು ಉಂಡೆ ಕಟ್ಟಿಯೋ ಹೆಂಟೆ ಮಾಡಿಯೋ ಕಳಿಸ್ತಾರೆ. ಎಲ್ಲಕ್ಕೂ ಒಂದೇ ದಾರಿ ಇಲ್ಲ. ದಾಖಲೆಯೂ ಹಾಗೇ: ತಲೆಬರಹ, ಪ್ಯಾರಾ, ಪಟ್ಟಿ, ಕೋಷ್ಟಕ, ಅಡಿಟಿಪ್ಪಣಿ, ಪ್ಯಾರಾದೊಳಗೆ ದಪ್ಪಕ್ಷರ, ಕೊಂಡಿ, ಬರೀ ಪದ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದಿದ ಟ್ರೀ ಇದೇ. ಬೇರಲ್ಲಿ ದಾಖಲೆ, ಕೊಂಬೆಯಲ್ಲಿ ಪ್ಯಾರಾ, ಎಲೆಯಲ್ಲಿ ಪದ.

ನಾನು ಬಳಸಿದ ಸಾಧನ ಪ್ಯಾನ್‌ಡಾಕ್. ಬರೆದವರು ಜಾನ್ ಮ್ಯಾಕ್‌ಫಾರ್ಲೇನ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಅಲ್ಲ, ತತ್ತ್ವಶಾಸ್ತ್ರದ ಪ್ರೊಫೆಸರ್! 2006ರಲ್ಲಿ ಶುರುವಾಯ್ತು, ತಾತನ ಪುಸ್ತಕ ಅಚ್ಚಾದ ವರ್ಷವೇ. ಹ್ಯಾಸ್ಕೆಲ್ ಭಾಷೆಯಲ್ಲಿದೆ, ಉಚಿತ. ವರ್ಡ್, ಎಚ್‌ಟಿಎಂಎಲ್, ಮಾರ್ಕ್‌ಡೌನ್, ಲೇಟೆಕ್, ಇಪಬ್ ಹೀಗೆ ಯಾವುದನ್ನು ಕೊಟ್ಟರೂ ಮೊದಲು ಅದನ್ನೊಂದು ಟ್ರೀ ಮಾಡಿಕೊಳ್ಳುತ್ತೆ, ಆಮೇಲೆ ಆ ಟ್ರೀಯಿಂದ ಬೇಕಾದ ರೂಪ ಬರೆಯುತ್ತೆ. ಈ ಎರಡರ ನಡುವೆ ನಮ್ಮ ಸ್ಕ್ರಿಪ್ಟಿಗೆ ಒಂದು ಬಾಗಿಲು ಬಿಟ್ಟಿದೆ, ಅದಕ್ಕೆ ಫಿಲ್ಟರ್ ಅಂತಾರೆ. 2017ರ ಎರಡನೇ ಆವೃತ್ತಿಯಿಂದ ಲುವಾ ಭಾಷೆಯಲ್ಲೇ ಫಿಲ್ಟರ್ ಬರೆಯಬಹುದು, ಬೇರೇನೂ ಇನ್‌ಸ್ಟಾಲ್ ಮಾಡೋ ಹಾಗಿಲ್ಲ. ಲುವಾ ಬ್ರೆಜಿಲ್‌ನಲ್ಲಿ ಹುಟ್ಟಿದ ಪುಟ್ಟ ಭಾಷೆ. ಸಿ ಬಂದವರಿಗೆ ಒಂದು ಮಧ್ಯಾಹ್ನ ಸಾಕು. ಬರೆಯೋ ರೀತಿ ಸರಳ: ಅಂಗದ ಹೆಸರಿನಲ್ಲೇ ಒಂದು ಫಂಕ್ಷನ್. ತಲೆಬರಹ ಸಿಕ್ಕಾಗ ಹೀಗೆ ಮಾಡು, ಕೊಂಡಿ ಸಿಕ್ಕಾಗ ಹಾಗೆ ಮಾಡು. ಫಂಕ್ಷನ್ ಏನನ್ನು ಹಿಂದಿರುಗಿಸುತ್ತೋ ಅದು ಹಳೆಯದರ ಜಾಗದಲ್ಲಿ ಕೂರುತ್ತೆ. ಹೆಸರು ಬರೆಯದ ಅಂಗವನ್ನು ಅದು ಮುಟ್ಟೋದೇ ಇಲ್ಲ. ಈ 'ಮುಟ್ಟೋದಿಲ್ಲ' ಅನ್ನೋದೇ ನನಗೆ ಬೇಕಾಗಿದ್ದದ್ದು.

ಮಾಡಿದ್ದು ಇಷ್ಟು. ಪ್ಯಾನ್‌ಡಾಕ್ ಹಳೆಯ ವರ್ಡ್ ರೂಪ ಓದೋದಿಲ್ಲ, ಹೊಸದನ್ನು ಮಾತ್ರ. ಹಾಗಾಗಿ ಮೊದಲು ಲಿಬ್ರೆ ಆಫೀಸಿನಲ್ಲಿ ತೆರೆದೆ. ಇನ್ನೊಂದು ತೊಡಕು: ಪ್ಯಾನ್‌ಡಾಕ್ ಫಾಂಟಿನ ಹೆಸರನ್ನು ಬಿಟ್ಟುಬಿಡುತ್ತೆ, ಆದರೆ ಹೆಸರಿಟ್ಟ ಶೈಲಿಯನ್ನು ಉಳಿಸಿಕೋ ಅಂದರೆ ಉಳಿಸಿಕೊಳ್ಳುತ್ತೆ. ಅದಕ್ಕೆ ಲಿಬ್ರೆ ಆಫೀಸಿನ ಹುಡುಕುವ ಪೆಟ್ಟಿಗೆಯಲ್ಲಿ ನುಡಿ ಫಾಂಟ್ ಇರೋ ಜಾಗ ಎಲ್ಲ ಹುಡುಕಿಸಿ, ಅಷ್ಟಕ್ಕೂ 'ನುಡಿ' ಅನ್ನೋ ಅಕ್ಷರಶೈಲಿ ಹಚ್ಚಿದೆ. ಹೊಸ ರೂಪದಲ್ಲಿ ಸೇವ್ ಮಾಡಿದೆ. ಈಗ ಟ್ರೀಯಲ್ಲಿ ಕನ್ನಡದ ತುಂಡುಗಳ ಮೇಲೆಲ್ಲ ಒಂದು ಚೀಟಿ ಅಂಟಿಸಿದ ಹಾಗಾಯ್ತು.

ಫಿಲ್ಟರಿನ ಮೊದಲ ನಿಯಮ: 'ನುಡಿ' ಚೀಟಿ ಇರೋ ತುಂಡಿನೊಳಗಿನ ಪದಗಳನ್ನು ಮಾತ್ರ ನಕ್ಷೆ ನೋಡಿ ಯುನಿಕೋಡ್ ಮಾಡು. ನಕ್ಷೆಯನ್ನು ನಾನು ಬರೆದಿಲ್ಲ, ಮುಕ್ತವಾಗಿ ಹಂಚಿರೋ ಹಳೆ ಪರಿವರ್ತಕವೊಂದರಿಂದ ಲೈಸೆನ್ಸ್ ನೋಡಿ ತಗೊಂಡೆ. ಡ್ಯಾಮ್ ಡ್ಯಾಮಾಗಿಯೇ ಉಳೀತು. ಎರಡನೇ ನಿಯಮ: ಡಿಟಿಪಿಯವರು ತಲೆಬರಹಕ್ಕೆ ಶೈಲಿ ಹಚ್ಚಿರಲಿಲ್ಲ, ಅಕ್ಷರ ದಪ್ಪ ಮಾಡಿ ಬಿಟ್ಟಿದ್ದರು. ಒಂದು ಪ್ಯಾರಾದಲ್ಲಿ ದಪ್ಪಕ್ಷರ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದನ್ನು ನಿಜವಾದ ತಲೆಬರಹ ಮಾಡು. ಇದರಿಂದ ಇಪಬ್‌ನಲ್ಲಿ ಪರಿವಿಡಿ ತಾನಾಗೇ ಬಂತು. ಮೂರನೇ ನಿಯಮ: ನಕ್ಷೆಯಲ್ಲಿ ಸಿಗದ ಅಕ್ಷರ ಬಂದರೆ ಊಹೆ ಮಾಡಬೇಡ, ಹಾಗೇ ಬಿಟ್ಟು ಒಂದು ಪಟ್ಟಿಯಲ್ಲಿ ಬರೆದಿಡು.

ನಕ್ಷೆ ಬಿಟ್ಟು ಎಲ್ಲ ಸೇರಿ ಸುಮಾರು ಅರವತ್ತು ಸಾಲು. ಆರು ವಾರ ಯಾಕಾಯ್ತು ಅಂದರೆ, ಕನ್ನಡ ಅಷ್ಟು ಸುಲಭಕ್ಕೆ ಸಿಗೋದಿಲ್ಲ. 'ಧರ್ಮ' ತಗೊಳ್ಳಿ. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ: ಧ, ರ, ಹಲಂತದ ಗುರುತು, ಮ. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮ: ಧ, ಮ, ಕೊನೆಗೆ ಅರ್ಕಾವತ್ತು. ಅರ್ಕಾವತ್ತು ಸಿಕ್ಕಾಗ ಒಂದು ಅಕ್ಷರ ಹಿಂದೆ ಹೋಗಿ ರ ಕೂರಿಸಬೇಕು. ಒಂದು ಅಕ್ಷರ ಅಂದರೆ ಎಷ್ಟು? ಅದಕ್ಕೆ ಒತ್ತು ಇದ್ದರೆ, ಕಾಗುಣಿತ ಇದ್ದರೆ ಅಷ್ಟೂ. ಪದದ ಅರ್ಧ ದಪ್ಪ, ಅರ್ಧ ತೆಳ್ಳಗಿದ್ದರೆ ಟ್ರೀಯಲ್ಲಿ ಅದು ಎರಡು ಎಲೆ, ಅರ್ಕಾವತ್ತು ಪಕ್ಕದ ಎಲೆಯಲ್ಲಿ ಅನಾಥ. 'ರ‍್ಯಾಂಕ್' ಅನ್ನೋದು 'ರ್ಯಾಂಕ್' ಆಗಿ ಬಂತು. ನಮ್ಮಲ್ಲಿ ಎಷ್ಟೋ ಜನಕ್ಕೆ ರ‍್ಯಾಂಕ್ ಹೇಗೂ ಬರೋದಿಲ್ಲ, ಆ ಮಾತು ಬೇರೆ. ಅಲ್ಲಿ ಕಾಣದ ಒಂದು ಜೋಡಣೆಯ ಗುರುತು ಸೇರಿಸಬೇಕು.

ಎರಡು ರಾತ್ರಿ ತಿಂದದ್ದು ಇನ್ನೊಂದು. ಲುವಾಗೆ ಸ್ಟ್ರಿಂಗ್ ಅಂದರೆ ಬೈಟುಗಳು, ಅಕ್ಷರಗಳಲ್ಲ. ಯುಟಿಎಫ್-8ನಲ್ಲಿ ಗೀಟಿನ ಎ ಎರಡು ಬೈಟು, ಕನ್ನಡದ ಒಂದೊಂದು ಸಂಕೇತ ಮೂರು ಬೈಟು. 'ಕನ್ನಡ' ಅಂದರೆ ಐದು ಸಂಕೇತ, 15 ಬೈಟು. ನಾನು ಒಂದೊಂದೇ 'ಅಕ್ಷರ' ತೆಗೀತಿದ್ದೀನಿ ಅಂದುಕೊಂಡು ಅಕ್ಷರವನ್ನು ನಡುವೆ ಸೀಳ್ತಿದ್ದೆ. ಪ್ಯಾನ್‌ಡಾಕ್ ಜೊತೆಗೇ ಬರುವ ಪಠ್ಯದ ಮಾಡ್ಯೂಲ್ ಬಳಸಿದ ಮೇಲೆ ಸರಿಹೋಯ್ತು. ಕ್ಲಾಸಿನಲ್ಲಿ ಎನ್‌ಕೋಡಿಂಗ್ ಬಗ್ಗೆ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅರ್ಥ ಆದದ್ದು ಆ ರಾತ್ರಿ.

ಸ್ಕ್ರಿಪ್ಟೂ ತಪ್ಪುತ್ತೆ. ಪುಸ್ತಕದ ಮೊದಲ ಪುಟದಲ್ಲಿ ತಾತ ದಪ್ಪಕ್ಷರದಲ್ಲಿ ಒಂದೇ ಪದ ಹಾಕಿಸಿದ್ದರು: 'ನಮ್ಮವ್ವಗೆ'. ನನ್ನ ಎರಡನೇ ನಿಯಮ ಅದನ್ನು ಒಂದು ಅಧ್ಯಾಯ ಮಾಡಿ ಪರಿವಿಡಿಗೆ ಸೇರಿಸಿತು. ಪದಗಳನ್ನು ಹಾಡಿಕೊಟ್ಟ ಅಜ್ಜಿಯರ ಹೆಸರುಗಳೂ ಅಧ್ಯಾಯಗಳಾಗಿದ್ದವು. ಆದರೆ ಇಲ್ಲೇ ನೋಡಿ ವ್ಯತ್ಯಾಸ. ಸ್ಕ್ರಿಪ್ಟು ತಪ್ಪಿದರೆ ಎಲ್ಲ ಕಡೆ ಒಂದೇ ಥರ ತಪ್ಪುತ್ತೆ. ಒಂದನ್ನು ಕಂಡುಹಿಡಿದರೆ ಎಲ್ಲವೂ ಸಿಕ್ಕ ಹಾಗೆ. ನಿಯಮ ತಿದ್ದಿ ಮತ್ತೆ ಓಡಿಸಿದರೆ ಆಯ್ತು. ಕೈಯಲ್ಲಿ ತಿದ್ದಿದಾಗ ಹತ್ತನೇ ಪುಟದಲ್ಲಿ ಎಚ್ಚರ ಇರುತ್ತೆ, ಅರವತ್ತನೇ ಪುಟದಲ್ಲಿ ನಿದ್ದೆ ಇರುತ್ತೆ, ತಪ್ಪು ಎಲ್ಲಿದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಎಐ ತಪ್ಪಿದರೆ ಆ ತಪ್ಪು ಸರಿಗಿಂತ ಚಂದ ಕಾಣುತ್ತೆ.

ಇದಕ್ಕೆ ಬರೋ ಆಕ್ಷೇಪಗಳು ನನಗೆ ಗೊತ್ತು, ಹಾಸ್ಟೆಲಿನಲ್ಲೇ ಕೇಳಿದೀನಿ. "ಆರು ವಾರದಲ್ಲಿ 84 ಪುಟ ಟೈಪೇ ಮಾಡಬಹುದಿತ್ತಲ್ಲೋ?" ಮಾಡಬಹುದಿತ್ತು, ಒಪ್ತೀನಿ. ಹತ್ತು ಪುಟದ ಒಂದೇ ಫೈಲಿದ್ದರೆ ಕೈಯಲ್ಲೇ ಮಾಡಿ, ಸ್ಕ್ರಿಪ್ಟು ಬರೆಯೋದು ಶೋಕಿ. ಆದರೆ ಎರಡನೇ ಫೈಲು ಬಂದ ದಿನ ಲೆಕ್ಕ ತಿರುಗುತ್ತೆ. ತಾತನ ಗೆಳೆಯರೊಬ್ಬರ ಮನೆಯಿಂದ ಇದೇ ಅಂಗಡಿಯಲ್ಲಿ ಟೈಪಾದ ಇನ್ನೊಂದು ಪುಸ್ತಕ ಬಂತು. ಅದಕ್ಕೆ ಹಿಡಿದದ್ದು ಒಂದು ಸಂಜೆ, ಅದರಲ್ಲೂ ಅರ್ಧ ಚಹಾಕ್ಕೆ.

"ಎಐಯನ್ನು ಪೂರ್ತಿ ಬಿಡಬೇಕಾ?" ಬೇಡ. ಫಿಲ್ಟರ್ ಬರೆಯೋಕೆ ನಾನೂ ಅದರ ಸಹಾಯ ತಗೊಂಡೆ. ಅದಕ್ಕೆ ನಿಯಮ ಬರೆಯೋಕೆ ಹೇಳಿ, ಪಠ್ಯ ಬರೆಯೋಕೆ ಹೇಳಬೇಡಿ. ನಿಯಮವನ್ನು ಓದಿ ಪರೀಕ್ಷೆ ಮಾಡಬಹುದು. 84 ಪುಟದಲ್ಲಿ ಸದ್ದಿಲ್ಲದೆ ಬದಲಾದ ಪದಗಳನ್ನು ಹುಡುಕೋದು ಕಷ್ಟ. ನಮ್ಮ ಕಡೆಯ ಕನ್ನಡಕ್ಕೆ ಇದು ಇನ್ನೂ ಮುಖ್ಯ. ಬಳ್ಳಾರಿ, ಸಂಡೂರು, ಕಂಪ್ಲಿ ಕಡೆಯ ಮಾತು ಪಠ್ಯಪುಸ್ತಕದಲ್ಲಿ ಕಡಿಮೆ, ಪತ್ರಿಕೆಯಲ್ಲಿ ಕಡಿಮೆ. ಇದ್ದಷ್ಟೂ ಇಂಥ ಸಣ್ಣ ಪುಸ್ತಕಗಳಲ್ಲಿದೆ. ಪರಿವರ್ತನೆ ಹೆಸರಲ್ಲಿ ಅದನ್ನೂ ಶಿಷ್ಟ ಮಾಡಿಬಿಟ್ಟರೆ ಮುಂದೆ ಹುಡುಕೋರಿಗೆ 'ಕೆರಿ' ಅಂತ ಯಾರೂ ಬರೆದೇ ಇರಲಿಲ್ಲ ಅನ್ನಿಸುತ್ತೆ.

"ಇದು ಪ್ರಾಜೆಕ್ಟ್ ಆಗುತ್ತಾ? ರೆಸ್ಯೂಮೆಯಲ್ಲಿ ಏನಂತ ಹಾಕೋದು?" ಇದಕ್ಕೆ ನಂಗೆ ಸಿಟ್ಟು ಬರುತ್ತೆ. ಪ್ರತಿ ವರ್ಷ ಅದೇ ಅಟೆಂಡೆನ್ಸ್ ಸಿಸ್ಟಮ್, ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡಿ ವೈವಾ ಮುಗಿದ ದಿನ ಡಿಲೀಟ್ ಮಾಡ್ತೀವಿ. ಇಲ್ಲಿ ಟ್ರೀ ಇದೆ, ಪಾರ್ಸಿಂಗ್ ಇದೆ, ಎನ್‌ಕೋಡಿಂಗ್ ಇದೆ, ಪರೀಕ್ಷೆ ಬರೆಯೋದಿದೆ, ಮೇಲಾಗಿ ಕೆಲಸ ಮುಗಿದಾಗ ಓದೋಕೆ ಒಬ್ಬರು ಕಾಯ್ತಿರ್ತಾರೆ. ವಚನ ಸಂಚಯ ನೋಡಿ: ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದ ಹುಡುಕಬಹುದು. ಅದನ್ನು ಕಟ್ಟಿದವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡ ಕನ್ನಡದ ಟೆಕ್ಕಿಗಳು. ನಮಗಿಂತ ಹೆಚ್ಚು ಬಿಡುವಂತೂ ಅವರಿಗಿರಲಿಲ್ಲ.

ಈಗ ನಮ್ಮ ಕ್ಯಾಂಪಸ್ಸಿಗೆ ಬರೋಣ. ಕನ್ನಡ ಸಂಘದ ಕಪಾಟಿನಲ್ಲಿರೋ ಹಳೆ ಸಂಚಿಕೆಗಳ ಫೈಲುಗಳು ನುಡಿಯಲ್ಲೇ ಇವೆ. ನಮ್ಮ ಸೀನಿಯರ್ಸ್ ಬರೆದ ಕಥೆ, ಕವಿತೆ, ಜಗಳ ಎಲ್ಲ ಅದರಲ್ಲಿದೆ. ಹುಡುಕಿದರೆ ಸಿಗೋದಿಲ್ಲ, ಯಾಕಂದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಮೊಬೈಲಿನಲ್ಲಿ ಓದೋಕಾಗಲ್ಲ. ಕಣ್ಣು ಕಾಣದ ಗೆಳೆಯರು ಸ್ಕ್ರೀನ್ ರೀಡರ್‌ನಲ್ಲಿ ಕೇಳಿದರೆ "ಪಿ, ಎ, ಪೌಂಡ್" ಅಂತ ಕೇಳುತ್ತೆ. ಯುನಿಕೋಡ್ ಆದರೆ ಅದೇ ಸ್ಕ್ರೀನ್ ರೀಡರ್ ಕನ್ನಡ ಓದುತ್ತೆ. ನಾವು ಹೊಸ ಸಂಚಿಕೆ ತರೋಕೆ ಎಷ್ಟು ಓಡಾಡ್ತೀವೋ ಅದರಲ್ಲಿ ಕಾಲು ಭಾಗ ಓಡಾಟ ಹಳೆಯದಕ್ಕೂ ಕೊಡಬೇಕು ಅನ್ನೋದು ನನ್ನ ವಾದ.

ಮಾಡೋದಾದರೆ ನಾಲ್ಕು ಮಾತು. ಒಂದು, ಮೂಲ ಫೈಲನ್ನು ಯಾವತ್ತೂ ಮುಟ್ಟಬಾರದು. ತಿದ್ದೋದೆಲ್ಲ ಪ್ರತಿಯಲ್ಲಿ, ನಿಯಮದಲ್ಲಿ. ಎರಡು, ಕಾಗುಣಿತದ ತಪ್ಪು ಕಂಡರೂ ಪರಿವರ್ತನೆಯ ಹೊತ್ತಿಗೆ ತಿದ್ದಬಾರದು. ಅದು ಸಂಪಾದಕರ ಕೆಲಸ, ಬೇರೆ ಹೆಜ್ಜೆ, ಬೇರೆ ದಿನ. ಮೂರು, ಸ್ಕ್ರಿಪ್ಟಿಗೆ ಗೊತ್ತಾಗದ್ದರ ಪಟ್ಟಿಯನ್ನು ಮನುಷ್ಯರೊಬ್ಬರು ಅಚ್ಚಿನ ಪ್ರತಿ ಎದುರಿಗಿಟ್ಟು ಓದಬೇಕು. ನನ್ನ ಪಟ್ಟಿಯಲ್ಲಿ 37 ಸಾಲಿತ್ತು, ಅಮ್ಮನೂ ನಾನೂ ಫೋನಿನಲ್ಲೇ ಮುಗಿಸಿದೆವು. ನಾಲ್ಕು, ನಕ್ಷೆಗಳು ಬೇರೆ ಬೇರೆ ಅನ್ನೋದು ನೆನಪಿರಲಿ. ಶ್ರೀಲಿಪಿಯಲ್ಲಿ ಟೈಪಾದ ಫೈಲಿಗೆ ನುಡಿಯ ನಕ್ಷೆ ಹಚ್ಚಿದರೆ ಇನ್ನೊಂದು 'ಆಂಒ' ಹುಟ್ಟುತ್ತೆ.

ಸ್ಕ್ರಿಪ್ಟನ್ನು ಸಂಘದ ಹಂಚಿಕೆಯ ಫೋಲ್ಡರಿನಲ್ಲಿ ಹಾಕಿದೀನಿ, ಜೊತೆಗೆ ಪರೀಕ್ಷೆಗೆ ಐದು ಪುಟ. ಅರ್ಧ ದಪ್ಪದ ಪದಗಳ ಅರ್ಕಾವತ್ತು ಇನ್ನೂ ಸರಿಹೋಗಿಲ್ಲ, ಯಾರಾದರೂ ಜೂನಿಯರ್ಸ್ ಕೈ ಹಾಕಿದರೆ ಸಂತೋಷ. 'ನಮ್ಮವ್ವಗೆ' ಮತ್ತೆ ಅಧ್ಯಾಯ ಆಗದ ಹಾಗೆ ಒಂದು ವಿನಾಯಿತಿ ಪಟ್ಟಿ ಇಟ್ಟಿದೀನಿ. ಅದು ಈಗ ಮೊದಲ ಪುಟದ ನಡುವೆ ಒಂಟಿಯಾಗಿ, ತಾತ ಹಾಕಿಸಿದ ಹಾಗೇ ಇದೆ.

ನಿಮ್ಮ ಮನೆಯ ಅಲ್ಮಾರದಲ್ಲೂ ಇಂಥ ಸಿಡಿ, ಪೆನ್‌ಡ್ರೈವ್ ಇರಬಹುದು. ಜಾತ್ರೆಯ ಸ್ಮರಣ ಸಂಚಿಕೆ, ಅಕ್ಕನ ಎಂಎ ಪ್ರಬಂಧ, ಯಾರದೋ ಕವನ ಸಂಕಲನ. ಬರೋ ಶನಿವಾರ ಮಧ್ಯಾಹ್ನ ತನ್ನಿ. ನಮ್ಮ ಲ್ಯಾಬಿನಲ್ಲಿ ಸಿಡಿ ಓದೋ ಡ್ರೈವ್ ಒಂದೇ ಉಳಿದಿದೆ, ಅದೂ ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತೆ. ಅದು ಪೂರ್ತಿ ಕೈಕೊಡೋದರೊಳಗೆ ಬನ್ನಿ.